ದೋಣಿ ಕೊಟ್ಟರೆ ಸಾಕಾ?

ಚಿಕ್ಕಮಗಳೂರಿಗೆ ಸಮುದ್ರ ಇಲ್ಲ, ಆದ್ರೆ ಸಮುದ್ರದ ಮೀನಿಗೇನೂ ಬರ ಇಲ್ಲ. ಮಂಗಳೂರು, ಮಲ್ಪೆ ಕಡೆಯಿಂದ ಐಸ್ ತುಂಬಿದ ಬಾಕ್ಸ್‌ಗಳಲ್ಲಿ ಬಂಗುಡೆ, ಬೂತಾಯಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ನಮ್ಮ ಮಾರ್ಕೆಟ್ಟಿಗೆ ಬರ್ತಾವೆ. ಜೂನ್ ತಿಂಗಳು ಬಂತು ಅಂದ್ರೆ ಮಾತ್ರ ರೇಟು ಏರತ್ತೆ. ಮಳೆಗೆ ಘಾಟಿ ಬಂದ್ ಆಗಿರತ್ತೆ ಅಂತ ಬಹಳ ಜನ ಅಂದ್ಕೋತಾರೆ. ನಿಜವಾದ ಕಾರಣ ಬೇರೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯೋ ಹಾಗಿಲ್ಲ. ಬಹಳಷ್ಟು ಮೀನು ಮೊಟ್ಟೆ ಇಡೋ ಕಾಲ ಅದು.

ಈ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿಗೆ ಒಂದು ಅಸೈನ್‌ಮೆಂಟ್ ಬಂತು. ಒಂದು ಸಣ್ಣ ದ್ವೀಪ ದೇಶಕ್ಕೆ, ಅಲ್ಲಿನ ಮೀನುಗಾರಿಕೆ ಬಹುಕಾಲ ಉಳಿಯೋ ಹಾಗೆ, ಅಂತಾರಾಷ್ಟ್ರೀಯ ನೆರವಿನ ಯೋಜನೆ ಬರೀರಿ ಅಂತ. ನಾವು ನಾಲ್ಕೂ ಜನ ಮಲೆನಾಡಿನವರು. ಆದ್ರೂ ಓದ್ತಾ ಹೋದ ಹಾಗೆ ಗೊತ್ತಾಗಿದ್ದು ಏನು ಅಂದ್ರೆ, ಇಂಥ ನೆರವಿನ ಕಥೆ ನಮ್ಮ ಪಕ್ಕದಲ್ಲೇ ನಡೆದು ಹೋಗಿದೆ. ಆ ಬೂತಾಯಿ ಬಾಕ್ಸ್‌ಗೂ ಅದಕ್ಕೂ ಸಂಬಂಧ ಇದೆ. ಅದನ್ನ ನಮಗೆ ತಿಳಿದ ಮಟ್ಟಿಗೆ ವಿವರಿಸೋದು ಈ ಬರಹದ ಉದ್ದೇಶ.

ಮೊದಲು ದ್ವೀಪ ದೇಶ ಅಂದ್ರೆ ಎಷ್ಟು ಸಣ್ಣದು ಅಂತ ನೋಡೋಣ. ಪೆಸಿಫಿಕ್ ಸಾಗರದಲ್ಲಿ ಕಿರಿಬಾಟಿ ಅನ್ನೋ ದೇಶ ಇದೆ. ಬರೆಯೋದು ಹಾಗೆ, ಅಲ್ಲಿಯವರು ಹೇಳೋದು 'ಕಿರಿಬಾಸ್' ಅಂತ. ಅವರ ಭಾಷೆಯಲ್ಲಿ 'ಸ' ಶಬ್ದಕ್ಕೆ ಬಳಸೋ ಅಕ್ಷರಗಳೇ ಹಾಗಿವೆ. 33 ದ್ವೀಪಗಳ ನೆಲ ಎಲ್ಲಾ ಸೇರಿದ್ರೂ 811 ಚದರ ಕಿಲೋಮೀಟರ್. ನಮ್ಮ ಚಿಕ್ಕಮಗಳೂರು ಜಿಲ್ಲೆ 7,201 ಚದರ ಕಿಲೋಮೀಟರ್, ಅಂದ್ರೆ ಆ ದೇಶ ನಮ್ಮ ಜಿಲ್ಲೆಯ ಒಂಬತ್ತನೇ ಒಂದು ಭಾಗ. ಜನಸಂಖ್ಯೆ ಸುಮಾರು 1.2 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ನಗರ ಒಂದರದ್ದೇ ಹೆಚ್ಚು ಕಡಿಮೆ ಅಷ್ಟಿತ್ತು.

ಆದ್ರೆ ಕಡಲಿನ ಲೆಕ್ಕಕ್ಕೆ ಬನ್ನಿ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ಯಾವುದೇ ದೇಶಕ್ಕೆ ತನ್ನ ತೀರದಿಂದ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರ್ ದೂರದವರೆಗಿನ ಮೀನಿನ ಮೇಲೆ ಹಕ್ಕು. ಕಿರಿಬಾಟಿಯ ದ್ವೀಪಗಳು ದೂರ ದೂರ ಚೆದುರಿರೋದ್ರಿಂದ ಅದರ ಪಾಲಿಗೆ ಬಂದ ಕಡಲು ಸುಮಾರು 34 ಲಕ್ಷ ಚದರ ಕಿಲೋಮೀಟರ್. ಇಡೀ ಭಾರತದ ನೆಲ 32.87 ಲಕ್ಷ! ಒಂದು ನಗರಸಭೆಯಷ್ಟು ಜನ ಭಾರತಕ್ಕಿಂತ ದೊಡ್ಡ ಕಡಲನ್ನ ಕಾಯಬೇಕು. ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಆ ಕಡಲಲ್ಲಿ ಟ್ಯೂನಾ ಹಿಡಿಯೋಕೆ ಬರೋ ವಿದೇಶಿ ಹಡಗುಗಳು ಕೊಡೋ ಫೀಸ್‌ನಿಂದ. ತೆಂಗಿನ ಮರ ಬಿಟ್ರೆ ಬೇರೆ ಬೆಳೆ ಹೇಳಿಕೊಳ್ಳೋ ಹಾಗಿಲ್ಲ. ಮೀನು ಹೋದ್ರೆ ಎಲ್ಲಾ ಹೋಯ್ತು.

ಇಂಥ ದೇಶಕ್ಕೆ ಏನು ಕೊಡಬೇಕು ಅಂತ ಯಾರನ್ನೇ ಕೇಳಿ, ಮೊದಲು ಬರೋ ಉತ್ತರ ಒಂದೇ: ಒಳ್ಳೆ ಬೋಟ್, ಒಳ್ಳೆ ಬಲೆ, ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್. ಇಂಜಿನಿಯರಿಂಗ್ ಹುಡುಗರನ್ನ ಕೇಳಿದ್ರಂತೂ ಕೇಳೋದೇ ಬೇಡ, ಐದು ನಿಮಿಷದಲ್ಲಿ ಎಸ್ಟಿಮೇಟ್ ರೆಡಿ.

ನಮ್ಮ ದೇಶದಲ್ಲಿ ಹೀಗೆ ಒಂದು ಸಲ ಆಗಿದೆ. 1952ರ ಅಕ್ಟೋಬರ್ 17ರಂದು ಭಾರತ, ನಾರ್ವೆ, ವಿಶ್ವಸಂಸ್ಥೆ ಮೂರೂ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹೆಸರು ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟ್. ನಾರ್ವೆ ಬೇರೆ ದೇಶವೊಂದಕ್ಕೆ ಕೊಟ್ಟ ಮೊದಲ ಅಭಿವೃದ್ಧಿ ನೆರವು ಅದು. ಆ ದೇಶವೇ ಎರಡನೇ ಮಹಾಯುದ್ಧದಲ್ಲಿ ಹಾಳಾಗಿ, ಅಮೆರಿಕದ ಮಾರ್ಷಲ್ ನೆರವು ತಗೊಂಡು ಎದ್ದು ನಿಲ್ತಾ ಇದ್ದ ಹೊತ್ತು. ಅಂಥಾ ಸಮಯದಲ್ಲಿ ಇನ್ನೊಬ್ಬರಿಗೆ ಕೊಡೋ ಮನಸ್ಸು ಮಾಡಿದ್ದು ಸಣ್ಣ ಮಾತಲ್ಲ. ಜಾಗ ಇವತ್ತಿನ ಕೇರಳದ ಕೊಲ್ಲಂ ಹತ್ತಿರದ ನೀಂಡಕರ, ಶಕ್ತಿಕುಳಂಗರ. ಆಗ ಅದು ತಿರುವಾಂಕೂರು-ಕೊಚ್ಚಿ ರಾಜ್ಯ.

ಯೋಜನೆ ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿತ್ತು. ಬರೀ ಬೋಟ್ ಅಲ್ಲ, ಊರಿಗೆ ಆರೋಗ್ಯ ಕೇಂದ್ರ, ಕುಡಿಯೋ ನೀರಿನ ನಲ್ಲಿ, ಐಸ್ ಪ್ಲಾಂಟ್, ಬೋಟ್ ಕಟ್ಟೋ ಯಾರ್ಡ್, ತರಬೇತಿ ಎಲ್ಲಾ ಸೇರಿತ್ತು. ಉದ್ದೇಶ ಮೀನುಗಾರರ ಆದಾಯ ಹೆಚ್ಚಬೇಕು, ಊರಿನವರಿಗೆ ತಾಜಾ ಮೀನು ಸಿಗಬೇಕು ಅಂತ. ಆರೋಗ್ಯ ಕೇಂದ್ರ, ನೀರು ಇವೆಲ್ಲ ಜನರಿಗೆ ನಿಜಕ್ಕೂ ಉಪಯೋಗ ಆದವು. ಆದ್ರೆ ಮೀನಿನ ಕಥೆ ಬೇರೆ ದಾರಿ ಹಿಡೀತು. ಅಮೆರಿಕ, ಜಪಾನ್‌ನಲ್ಲಿ ಫ್ರೋಜನ್ ಸಿಗಡಿಗೆ ದೊಡ್ಡ ಬೆಲೆ ಬಂತು. ಸಿಗಡಿ ಇರೋದು ಕಡಲ ತಳದಲ್ಲಿ, ಅದನ್ನ ಹಿಡಿಯೋಕೆ ತಳವನ್ನೇ ಗೋರಿಕೊಂಡು ಹೋಗೋ ಚೀಲದಂಥ ಟ್ರಾಲ್ ಬಲೆ ಬೇಕು, ಅದನ್ನ ಎಳೆಯೋಕೆ ಇಂಜಿನ್ ಇರೋ ಬೋಟ್ ಬೇಕು. ಬೋಟ್ ಬಂದಾಗಿತ್ತು. ದುಡ್ಡು ಇದ್ದವರು, ಅದುವರೆಗೂ ಮೀನೇ ಹಿಡಿಯದ ವ್ಯಾಪಾರಿಗಳು ಸಹ, ಬೋಟ್ ಮಾಡಿಸಿದ್ರು. ಊರಿನವರಿಗೆ ತಾಜಾ ಮೀನು ಅಂತ ಶುರುವಾದ ಯೋಜನೆ ಎಕ್ಸ್‌ಪೋರ್ಟ್ ಸಿಗಡಿಯ ಕಡೆ ತಿರುಗ್ತು.

ಹುಟ್ಟು ಹಾಕೋ ದೋಣಿಯವರು ದಡದ ಹತ್ತಿರ ಹಿಡೀತಾ ಇದ್ದ ಜಾಗಕ್ಕೇ ಟ್ರಾಲರ್‌ಗಳು ಬಂದವು. ಬಲೆ ಹರಿದವು, ಜಗಳ ಆದವು, ಮೀನುಗಾರರ ಸಂಘಟನೆಗಳು ವರ್ಷಗಟ್ಟಲೆ ಚಳವಳಿ ಮಾಡಿದ್ವು. ಕೊನೆಗೆ 1988ರಲ್ಲಿ ಕೇರಳ ಸರ್ಕಾರ ಮಳೆಗಾಲದ ಟ್ರಾಲಿಂಗ್ ನಿಲ್ಲಿಸ್ತು. ಲೆಕ್ಕ ಹಾಕಿ ನೋಡಿ: ಬೋಟ್ ಕೊಡೋ ಒಪ್ಪಂದ 1952, ಯಾವಾಗ ಹಿಡಿಯಬಾರದು ಅನ್ನೋ ನಿಯಮ 1988. ನಡುವೆ 36 ವರ್ಷ. ನಾರ್ವೆಯವರು 1972ಕ್ಕೇ ಯೋಜನೆ ಮುಗಿಸಿ, ಒಪ್ಪಿಸಿ ಹೋಗಿದ್ರು.

ಈ ಪ್ರಾಜೆಕ್ಟ್ 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂತು. ಕರ್ನಾಟಕದ ಕರಾವಳಿಯಲ್ಲಿ ಆಗ ರಾಂಪಣಿ ಅಂತ ಒಂದು ಬಲೆ ಇತ್ತು. ಅಜ್ಜನ ಕಾಲದವರನ್ನ ಕೇಳಿದ್ರೆ ಈಗಲೂ ಕಣ್ಣರಳಿಸಿ ಹೇಳ್ತಾರೆ. ನೂರಾರು ಮೀಟರ್ ಉದ್ದದ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಕಡಲಲ್ಲಿ ಬಿಟ್ಟು, ಎರಡೂ ತುದಿಯನ್ನ ದಡದಿಂದ ಹತ್ತಾರು ಜನ ಸೇರಿ ಎಳೆಯೋದು. ಬಲೆ ಹಲವರ ಪಾಲಿನದು, ಎಳೆದವರಿಗೆಲ್ಲ ಪಾಲು. ಬಂಗುಡೆ, ಬೂತಾಯಿ ಹಿಂಡು ದಡಕ್ಕೆ ಬರೋವರೆಗೆ ಕಾಯಬೇಕು. ಬರದಿದ್ರೆ ಆ ದಿನ ಬಲೆ ಇಳಿಯಲ್ಲ. ಈ ಕಾಯೋದರಲ್ಲೇ ಒಂದು ಮಿತಿ ಇತ್ತು ಅಂತ ನಮಗೆ ಅನ್ಸತ್ತೆ, ಯಾರೂ ಕಾನೂನು ಮಾಡದೇ ಬಂದ ಮಿತಿ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟ್‌ಗಳು ಬಂದವು. ಇವು ನಾರ್ವೆಯ ಪ್ರಾಜೆಕ್ಟಿನವಲ್ಲ, ನಮ್ಮವರೇ ಸಾಲ ಮಾಡಿ ಇಳಿಸಿದ್ದು. ಆದ್ರೆ ಇಂಜಿನ್ ಬೋಟೇ ಪ್ರಗತಿ ಅನ್ನೋ ದಾರಿ ಆಗಲೇ ಬಿದ್ದಿತ್ತು. ಪರ್ಸೀನ್ ಬಲೆ ಮೀನಿನ ಹಿಂಡನ್ನ ಕಡಲಲ್ಲೇ ಸುತ್ತುವರಿದು, ಕೆಳಗಿನ ಹಗ್ಗ ಎಳೆದು, ಬಟ್ಟೆ ಚೀಲದ ಬಾಯಿ ಕಟ್ಟಿದ ಹಾಗೆ ಮುಚ್ಚಿಬಿಡತ್ತೆ. ಹಿಂಡು ದಡಕ್ಕೆ ಬರೋ ಪ್ರಶ್ನೆಯೇ ಇಲ್ಲ. ರಾಂಪಣಿಯವರಿಗೂ ಪರ್ಸೀನ್‌ನವರಿಗೂ ದೊಡ್ಡ ಗಲಾಟೆಗಳಾದವು. ಕೆಲವೇ ವರ್ಷಗಳಲ್ಲಿ ರಾಂಪಣಿ ಹೆಚ್ಚು ಕಡಿಮೆ ಮಾಯ. ಎಳೀತಾ ಇದ್ದವರಲ್ಲಿ ಎಷ್ಟೋ ಜನ ಅದೇ ಪರ್ಸೀನ್ ಬೋಟಿಗೆ ಕೂಲಿಗೆ ಹೋದ್ರು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಿದ್ದು 1986ರಲ್ಲಿ. ಇಲ್ಲೂ ಅದೇ ಕ್ರಮ, ಮೊದಲು ಬೋಟ್, ಆಮೇಲೆ ಜಗಳ, ಕೊನೆಗೆ ನಿಯಮ.

ಇದು ಯಾಕೆ ಹೀಗಾಗತ್ತೆ? ಕೆಟ್ಟ ಮನಸ್ಸಿನಿಂದ ಅಲ್ಲ. ಒಂದು ಸಣ್ಣ ಲೆಕ್ಕ ಮಾಡಿದ್ರೆ ಗೊತ್ತಾಗತ್ತೆ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ, ನೀವೂ ಮಾಡಿ ನೋಡಬಹುದು.

ಒಂದು ಕಾಲ್ಪನಿಕ ದ್ವೀಪ ತಗೊಳ್ಳಿ. ಸುತ್ತಲಿನ ಕಡಲಲ್ಲಿ ಹೆಚ್ಚೆಂದ್ರೆ 1000 ಟನ್ ಮೀನಿಗೆ ಜಾಗ, ಆಹಾರ ಇದೆ. ಮೀನು ತುಂಬಾ ಕಡಿಮೆ ಇದ್ದಾಗ ವರ್ಷಕ್ಕೆ ಶೇಕಡಾ 40ರ ದರದಲ್ಲಿ ಹೆಚ್ಚತ್ತೆ, ಕಡಲು ತುಂಬ್ತಾ ಬಂದ ಹಾಗೆ ಆ ದರ ಇಳಿಯತ್ತೆ. ನಾವು ಓದಿರೋ ಲಾಜಿಸ್ಟಿಕ್ ಕರ್ವ್ ಇದೇ. ಈಗ ಅಲ್ಲಿ 800 ಟನ್ ಮೀನಿದೆ ಅನ್ನೋಣ. 800 ಇದ್ದಾಗ ವರ್ಷಕ್ಕೆ ಹೊಸದಾಗಿ ಬರೋದು 64 ಟನ್. ಊರಿನವರು ಹಳೇ ದೋಣಿಗಳಲ್ಲಿ ಹಿಡಿಯೋದೂ 64 ಟನ್. ಎಷ್ಟು ವರ್ಷ ಹಿಡಿದ್ರೂ 800 ಹಾಗೇ ಇರತ್ತೆ.

ಈಗ ನೆರವು ಬಂತು. ಹೊಸ ಬೋಟ್‌ಗಳು ವರ್ಷಕ್ಕೆ 150 ಟನ್ ಹಿಡಿಯೋಕೆ ಶುರು ಮಾಡಿದ್ವು. ಎರಡು ಪಟ್ಟಿಗಿಂತ ಹೆಚ್ಚು! ಮೊದಲ ವರ್ಷದ ಕೊನೆಗೆ ಕಡಲಲ್ಲಿ 714 ಟನ್ ಉಳಿಯತ್ತೆ, ಎರಡನೇ ವರ್ಷಕ್ಕೆ 646, ಐದನೇ ವರ್ಷಕ್ಕೆ 484. ಐದು ವರ್ಷಕ್ಕೆ ಪ್ರಾಜೆಕ್ಟ್ ಮುಗೀತು. ಫೈನಲ್ ರಿಪೋರ್ಟ್ ಬರೆಯೋರು ಏನು ನೋಡ್ತಾರೆ? ಪ್ರತಿ ವರ್ಷ 150 ಟನ್, ಒಂದು ವರ್ಷವೂ ಕಡಿಮೆ ಇಲ್ಲ. ಸೂಪರ್ ಸಕ್ಸಸ್. ನೀರಿನ ಕೆಳಗಿನ 484 ಯಾರಿಗೂ ಕಾಣಲ್ಲ. ಎಂಟನೇ ವರ್ಷಕ್ಕೆ 326, ಹತ್ತನೇ ವರ್ಷಕ್ಕೆ 192. ಹನ್ನೆರಡನೇ ವರ್ಷ 150 ಟನ್ ಹಿಡಿಯೋಣ ಅಂದ್ರೆ ಕಡಲಲ್ಲಿ ಅಷ್ಟು ಮೀನೇ ಇಲ್ಲ.

ನಿಜ ಜೀವನದಲ್ಲಿ ಇಷ್ಟು ನೇರವಾಗಿ ಆಗಲ್ಲ, ಒಪ್ಪೋಣ. ಮೀನು ಕಡಿಮೆಯಾದ ಹಾಗೆ ಹಿಡಿಯೋದು ಕಷ್ಟ ಆಗಿ ತಾನಾಗೇ ಇಳಿಯಬೇಕು. ಆದ್ರೆ ಬೋಟಿನ ಮೇಲೆ ಸಾಲ ಇರತ್ತಲ್ಲ. ಕಂತು ಕಟ್ಟಬೇಕು ಅಂದ್ರೆ ಇನ್ನೂ ದೊಡ್ಡ ಇಂಜಿನ್, ಇನ್ನೂ ಸಣ್ಣ ಕಣ್ಣಿನ ಬಲೆ, ರಾತ್ರಿ ಲೈಟ್ ಬಿಟ್ಟು ಮೀನು ಸೇರಿಸೋದು (2017ರಲ್ಲಿ ಕೇಂದ್ರ ಸರ್ಕಾರ ಇದನ್ನ ನಿಷೇಧಿಸಬೇಕಾಯ್ತು). ನಮ್ಮ ಕಡೆಯ ಭಾಷೆಯಲ್ಲಿ ಹೇಳೋದಾದ್ರೆ, ಕಾಫಿ ಕೊಯ್ಲಿಗೆ ಎರಡು ಪಟ್ಟು ಆಳು ಕರೆದ್ರೆ ಗಿಡದಲ್ಲಿ ಎರಡು ಪಟ್ಟು ಹಣ್ಣು ಬಿಡಲ್ಲ. ತೋಟದಲ್ಲಿ ಆದ್ರೆ ಗಿಡ ಕಣ್ಣಿಗೆ ಕಾಣತ್ತೆ, ಬರಿದಾಗಿದ್ದು ಗೊತ್ತಾಗತ್ತೆ. ಕಡಲಲ್ಲಿ ಕಾಣಲ್ಲ.

ಬೋಟ್ ಒಂದೇ ಕಾರಣ ಅಂತ ಹೇಳೋಕೂ ಆಗಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್, ಅಂದ್ರೆ ನೂರಕ್ಕೆ ಒಂದು ಪಾಲೂ ಇಲ್ಲ. ಕಡಲಿನ ಉಷ್ಣತೆ, ಎಲ್ ನಿನೋದಂಥ ಬದಲಾವಣೆಗಳೂ ಇದಕ್ಕೆ ಕಾರಣ ಅಂತ ವಿಜ್ಞಾನಿಗಳು ಹೇಳ್ತಾರೆ. ಆಮೇಲೆ ಬೂತಾಯಿ ಮತ್ತೆ ಚೇತರಿಸಿಕೊಂಡಿದೆ ಕೂಡ. ಕಡಲೇ ಹೀಗೆ ಏರಿಳಿಯೋವಾಗ, ಗರಿಷ್ಠ ಎಷ್ಟು ಹಿಡಿಯಬಹುದೋ ಅಷ್ಟನ್ನೂ ಹಿಡಿಯೋ ಹಾಗೆ ಬೋಟ್ ಕೊಟ್ಟು ಕೂರೋದು ಅಪಾಯ. ಮೇಲಿನ ದ್ವೀಪದಲ್ಲೇ, 500 ಟನ್ ಮೀನು ಇಟ್ಕೊಂಡು ವರ್ಷಕ್ಕೆ 100 ಟನ್ ಹಿಡಿದ್ರೆ ಲೆಕ್ಕದ ಪ್ರಕಾರ ಸರಿಯಾಗೇ ಇದೆ. ಒಂದು ಕೆಟ್ಟ ವರ್ಷ ಬಂದು 300ಕ್ಕೆ ಇಳೀತು ಅನ್ನಿ, ಹೊಸದಾಗಿ ಬರೋದು 84 ಟನ್ ಮಾತ್ರ. ಆಗಲೂ 100 ಹಿಡೀತಾ ಹೋದ್ರೆ ಮತ್ತೆ ಮೇಲೆ ಬರೋ ದಾರಿ ಇಲ್ಲ.

ಹಾಗಾದ್ರೆ ನೆರವೇ ಬೇಡ ಅಂತಾನಾ? ಅಲ್ಲ. ಮಾಲ್ದೀವ್ಸ್ ನೋಡಿ. ಅದೂ ದ್ವೀಪ ದೇಶವೇ, ನಮ್ಮ ಲಕ್ಷದ್ವೀಪದ ಕೆಳಗೇ ಇದೆ. ಅಲ್ಲಿ 1974ರಿಂದ ದೋಣಿಗಳಿಗೆ ಇಂಜಿನ್ ಬಂತು. ಆದ್ರೆ ಹಿಡಿಯೋ ವಿಧಾನ ಬದಲಾಗಲಿಲ್ಲ: ಒಬ್ಬ ಮನುಷ್ಯ, ಒಂದು ಗಳ, ಒಂದು ಗಾಳ, ಒಂದು ಸಲಕ್ಕೆ ಒಂದು ಟ್ಯೂನಾ. ಜೀವಂತ ಸಣ್ಣ ಮೀನನ್ನ ಎರಚಿ ಟ್ಯೂನಾ ಹಿಂಡನ್ನ ದೋಣಿಯ ಹತ್ತಿರ ಕರೀತಾರೆ. ಮಿನಿಕಾಯ್‌ನಲ್ಲೂ ಇದೇ ಪದ್ಧತಿ. ಇಂಜಿನ್‌ನಿಂದ ದೂರ ಹೋಗೋದು ಸಾಧ್ಯ ಆಯ್ತು, ಮೀನೂ ಹೆಚ್ಚು ಸಿಕ್ತು, ಕೈಯಲ್ಲಿರೋದು ಮಾತ್ರ ಅದೇ ಗಾಳ. 2012ರಲ್ಲಿ ಆ ಟ್ಯೂನಾಗೆ ಸುಸ್ಥಿರ ಅನ್ನೋ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಇರೋ ದೋಣಿಗೆ ಶಕ್ತಿ ಕೊಡೋದು ಬೇರೆ, ದೋಣಿಯನ್ನೇ ಬದಲಿಸಿ ಮೀನುಗಾರನನ್ನ ಹೊರಗೆ ಹಾಕೋದು ಬೇರೆ.

ನಿಯಮವೂ ಹೊರಗಿನವರೇ ತರಬೇಕು ಅಂತೇನಿಲ್ಲ. ಪೆಸಿಫಿಕ್‌ನ ಪಲಾವ್ ದೇಶದಲ್ಲಿ 'ಬುಲ್' ಅಂತ ಹಳೇ ಪದ್ಧತಿ ಇದೆ. ಊರ ಹಿರಿಯರು ಸೇರಿ ಹವಳದ ದಿಬ್ಬದ ಒಂದು ಭಾಗಕ್ಕೆ ಕೆಲವು ಕಾಲ ಯಾರೂ ಹೋಗಬಾರದು ಅಂತ ತಡೆ ಹಾಕ್ತಾರೆ. ನಮಗಿದು ವಿಚಿತ್ರ ಅನ್ನಿಸಬಾರದು. ಶೃಂಗೇರಿಯಲ್ಲಿ ದೇವಸ್ಥಾನದ ಪಕ್ಕ ತುಂಗೆಯಲ್ಲಿ ಮೊಣಕೈ ಉದ್ದದ ಮೀನುಗಳು ಪುರಿ ತಿಂದ್ಕೊಂಡು ಓಡಾಡ್ತಾವೆ, ಯಾರೂ ಗಾಳ ಹಾಕಲ್ಲ. ಅದೇ ಮಲೆನಾಡಲ್ಲಿ, ಮೊದಲ ಮಳೆಗೆ ಮೊಟ್ಟೆ ಇಡೋಕೆ ಹಳ್ಳದಿಂದ ಗದ್ದೆಗೆ ಹತ್ತಿ ಬರೋ ಮೀನನ್ನ ಬ್ಯಾಟರಿ ಬಿಟ್ಟು ಕಡಿಯೋದೂ ನಾವೇ, ಹೊಳೆಗೆ ತೋಟೆ ಹಾಕೋರೂ ಇದ್ದಾರೆ. ಯಾವ ಊರಲ್ಲಿ ಯಾವ ಕಟ್ಟುಪಾಡು ಈಗಾಗಲೇ ಇದೆ, ಯಾರ ಮಾತು ನಡೆಯತ್ತೆ ಅನ್ನೋದನ್ನ ಕೇಳಿ ಬರ್ಕೊಳ್ಳೋದೇ ನೆರವಿನ ಮೊದಲ ಖರ್ಚು ಆಗಬೇಕು ಅಂತ ನಮ್ಮ ಅಭಿಪ್ರಾಯ. ಜೊತೆಗೆ ಮೀನಿನ ಲೆಕ್ಕ: ದಿನಾ ಎಷ್ಟು ಬಂತು, ಯಾವ ಸೈಜ್, ಎಷ್ಟು ಗಂಟೆ ಹುಡುಕಿದ್ಮೇಲೆ ಸಿಕ್ತು. ಹುಡುಕೋ ಗಂಟೆ ಜಾಸ್ತಿ ಆಗ್ತಾ ಇದ್ರೆ ಆ 484 ಎಲ್ಲೋ ನೀರಿನ ಕೆಳಗೆ ಇಳೀತಾ ಇದೆ ಅಂತ ಅರ್ಥ.

ಆದ್ರೆ ಟ್ಯೂನಾ ಒಂದು ಊರಿನ, ಒಂದು ದೇಶದ ಮೀನಲ್ಲ. ಸಾವಿರಾರು ಕಿಲೋಮೀಟರ್ ಓಡಾಡತ್ತೆ. ಕಿರಿಬಾಟಿ ಒಂದೇ ಕಟ್ಟುನಿಟ್ಟು ಮಾಡಿದ್ರೆ ಹಡಗುಗಳು ಪಕ್ಕದ ದೇಶಕ್ಕೆ ಹೋಗಿ ಅಗ್ಗದ ಲೈಸೆನ್ಸ್ ತಗೋತಾವೆ. ಇದಕ್ಕೆ ಆ ದೇಶಗಳೇ ಕಂಡುಕೊಂಡ ಉಪಾಯ ನಮಗೆ ಬಹಳ ಇಷ್ಟ ಆಯ್ತು. ಕಿರಿಬಾಟಿ, ನೌರು, ತುವಾಲು, ಪಲಾವ್, ಪಪುವಾ ನ್ಯೂಗಿನಿ ಮುಂತಾದ ಎಂಟು ದೇಶಗಳು 1982ರ ನೌರು ಒಪ್ಪಂದದಲ್ಲಿ ಒಟ್ಟಾದವು. 2007ರಿಂದ ಮೀನು ಮಾರೋ ಬದಲು 'ದಿನ' ಮಾರೋಕೆ ಶುರು ಮಾಡಿದ್ವು. ಅಂದ್ರೆ, ಎಂಟೂ ದೇಶದ ಕಡಲಲ್ಲಿ ವರ್ಷಕ್ಕೆ ಒಟ್ಟು ಇಷ್ಟೇ ಹಡಗು-ದಿನ ಅಂತ ಮೊದಲೇ ಮಿತಿ ಹಾಕೋದು, ಆ ದಿನಗಳನ್ನ ಹಂಚ್ಕೊಳ್ಳೋದು, ವಿದೇಶಿ ಹಡಗು ಒಂದು ದಿನ ಮೀನು ಹಿಡಿಯಬೇಕು ಅಂದ್ರೆ ಆ ದಿನವನ್ನ ಖರೀದಿ ಮಾಡಬೇಕು. 2015ರ ಹೊತ್ತಿಗೆ ಒಂದು ದಿನದ ಕನಿಷ್ಠ ಬೆಲೆ 8,000 ಡಾಲರ್ ಆಯ್ತು. 2010ರಲ್ಲಿ ಎಲ್ಲಾ ದೇಶಗಳಿಗೂ ಸೇರಿ ಸುಮಾರು 6 ಕೋಟಿ ಡಾಲರ್ ಬರ್ತಾ ಇದ್ದಿದ್ದು, ಹತ್ತು ವರ್ಷದಲ್ಲಿ 50 ಕೋಟಿ ಡಾಲರ್ ಹತ್ತಿರ ಹೋಯ್ತು. ಅದಕ್ಕೆ ಅವರು ಹೆಚ್ಚಿಗೆ ಬೋಟ್ ಇಳಿಸಲೇಬೇಕು ಅಂತೇನೂ ಇರಲಿಲ್ಲ.

ಇಲ್ಲಿ ನೆರವಿಗೆ ಕೆಲಸ ಇದೆ. ಪ್ರತಿ ಹಡಗಿನಲ್ಲಿ ಕೂತು ಹಿಡಿದಿದ್ದನ್ನ ಬರ್ಕೊಳ್ಳೋ ವೀಕ್ಷಕರಿಗೆ ತರಬೇತಿ ಕೊಡಬೇಕು, ಸಂಬಳ ಕೊಡಬೇಕು. ಹಡಗು ಎಲ್ಲಿದೆ ಅಂತ ಉಪಗ್ರಹದಿಂದ ನೋಡೋ ವ್ಯವಸ್ಥೆ ಬೇಕು. ಕಡಲು ಕಾಯೋಕೆ ಗಸ್ತು ದೋಣಿ ಬೇಕು. ಆಸ್ಟ್ರೇಲಿಯಾ 1987ರಿಂದ ಪೆಸಿಫಿಕ್ ದೇಶಗಳಿಗೆ ಇಂಥ ದೋಣಿ ಕೊಡ್ತಾ ಬಂದಿದೆ. ಇದೂ ದೋಣಿ ಕೊಡೋದೇ, ಆದ್ರೆ ಮೀನು ಹಿಡಿಯೋಕಲ್ಲ. ಮನೆ ಊಟದ ಮೀನಿಗೆ ಬೇರೆ ಯೋಚನೆ ಬೇಕು. ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕಿದ ತೇಲುಬುರುಡೆ ಬಿಟ್ರೆ ಅದರ ಸುತ್ತ ಮೀನು ಸೇರತ್ತೆ. ಸಣ್ಣ ದೋಣಿಯವರು ಅಲ್ಲಿಗೆ ಹೋಗಿ ಹಿಡೀಬಹುದು, ಹವಳದ ದಿಬ್ಬಕ್ಕೆ ಸ್ವಲ್ಪ ಬಿಡುವು ಸಿಗತ್ತೆ. ಕೋಲ್ಡ್ ಸ್ಟೋರೇಜ್‌ಗೆ ಹೋಲಿಸಿದ್ರೆ ಇದರ ಖರ್ಚು ಏನೇನೂ ಅಲ್ಲ.

ಹಾಗಾಗಿ ನಮ್ಮ ಯೋಜನೆಯ ಕಾಲಾವಧಿಯನ್ನ ಐದರ ಬದಲು ಹದಿನೈದು ವರ್ಷ ಅಂತ ಬರೆದಿದ್ದೀವಿ. ಮೊದಲ ಮೂರು ವರ್ಷ ಎಣಿಸೋದು, ಕೇಳೋದು, ನಿಯಮ ಕೂಡಿಸೋದು ಮಾತ್ರ. ನಾಲ್ಕನೇ ವರ್ಷದವರೆಗೆ ಒಂದು ಇಂಜಿನ್ನೂ ಇಲ್ಲ. ಇಷ್ಟು ನಿಧಾನದ ಯೋಜನೆಗೆ ಯಾವ ದೇಶ ದುಡ್ಡು ಕೊಡತ್ತೆ ಅನ್ನೋದು ನ್ಯಾಯವಾದ ಪ್ರಶ್ನೆ. ದುಡ್ಡು ಕೊಡೋರಿಗೂ ತಮ್ಮ ಪಾರ್ಲಿಮೆಂಟಿಗೆ ತೋರಿಸೋಕೆ ಒಂದು ಫೋಟೋ ಬೇಕಲ್ಲ.

ಐಸ್ ಪ್ಲಾಂಟ್ ವಿಷಯದಲ್ಲಿ ಮಾತ್ರ ನಮ್ಮಲ್ಲೇ ಇನ್ನೂ ಜಗಳ ಮುಗಿದಿಲ್ಲ. ಬೇಡ ಅನ್ನೋರು ಕೀನ್ಯಾದ ತುರ್ಕಾನಾ ಸರೋವರದ ಉದಾಹರಣೆ ಕೊಡ್ತಾರೆ. ಅಲ್ಲೂ ನಾರ್ವೆಯೇ, ಮೀನು ಫ್ರೀಜ್ ಮಾಡೋ ಕಾರ್ಖಾನೆ ಕಟ್ಟಿಕೊಡ್ತು. ಸುಡು ಬಿಸಿಲಿನ ಜಾಗದಲ್ಲಿ ಮೀನನ್ನ ಗಟ್ಟಿ ಮಾಡೋಕೆ ಬೇಕಾದ ಡೀಸೆಲ್, ಶುದ್ಧ ನೀರಿನ ಖರ್ಚು ಮೀನಿನ ಬೆಲೆಗಿಂತ ಜಾಸ್ತಿ ಆಗಿ, ಕೆಲವೇ ದಿನ ಓಡಿ ನಿಂತುಹೋಯ್ತು. ಕಟ್ಟಡ ಆಮೇಲೆ ಒಣಮೀನಿನ ಗೋಡೌನ್ ಆಯ್ತು. ಬೇಕು ಅನ್ನೋರ ವಾದ: ಐಸ್ ಇಲ್ದೇ ಹಿಡಿದಿದ್ದರಲ್ಲಿ ಒಂದಷ್ಟು ಕೊಳೆತು ಹೋದ್ರೆ, ಅದನ್ನ ಸರಿದೂಗಿಸೋಕೆ ಇನ್ನಷ್ಟು ಹಿಡೀತಾರೆ, ಕೆಡದ ಹಾಗೆ ಇಟ್ರೆ ಅದೇ ಒಂದು ಉಳಿತಾಯ. ಸದ್ಯಕ್ಕೆ ಶೀಟ್‌ನಲ್ಲಿ ಬರೆದಿರೋದು ಒಂದು ಸಣ್ಣ ಸೋಲಾರ್ ಐಸ್ ಮಷಿನ್, ಅದರ ಪಕ್ಕದ ಕಾಲಮ್‌ನಲ್ಲಿ ಕಂಪ್ರೆಸರ್ ಕೆಟ್ರೆ ರಿಪೇರಿ ಯಾರು ಮಾಡ್ತಾರೆ ಅನ್ನೋ ಪ್ರಶ್ನೆ. ಆ ಜಾಗ ಇನ್ನೂ ಖಾಲಿ ಇದೆ. ಮೆಕ್ಯಾನಿಕಲ್ ಬ್ರಾಂಚಿನವರು ಯಾರಾದ್ರೂ ಓದ್ತಾ ಇದ್ರೆ ದಯವಿಟ್ಟು ನಮಗೆ ಸಿಗಿ.